ರೂಪಾಯಿಗೆ ಎಷ್ಟು ಅಂಕ?

ಒಂದೇ ಬೆಳ್ಳಿ ರೂಪಾಯಿಯನ್ನು ನೋಡಿ ಇಬ್ಬರು ನಾಣ್ಯಪ್ರಿಯರು ಒಂದೇ ಮಾತು ಆಡಿದರೆ, ಒಂದೋ ಅವರಲ್ಲೊಬ್ಬನ ಕಿಸೆಯಲ್ಲಿ ದುಡ್ಡಿಲ್ಲ, ಇಲ್ಲವೇ ಇಬ್ಬರಿಗೂ ಕನ್ನಡಕ ಬದಲಾಯಿಸುವ ಕಾಲ ಬಂದಿದೆ. ಮಾರುವವನ ಕಣ್ಣಿಗೆ ಅದು ಇವತ್ತು ಬೆಳಿಗ್ಗೆ ಟಂಕಸಾಲೆಯಿಂದ ಹೊರಬಿದ್ದ ನಾಣ್ಯ. ಕೊಳ್ಳುವವನ ಕಣ್ಣಿಗೆ ಮೂರು ತಲೆಮಾರು ಸಂತೆ ಸುತ್ತಿ ಸುಸ್ತಾದ ನಾಣ್ಯ. ಕೊಂಡವನೇ ನಾಳೆ ಅದನ್ನು ಮಾರಲು ಕೂತನೋ, ಸವೆದಿದ್ದ ಕಿರೀಟದಲ್ಲಿ ಅವನಿಗೆ ಮುತ್ತುಗಳು ಒಂದೊಂದಾಗಿ ಕಾಣತೊಡಗುತ್ತವೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಬಹಳ ಸಲ ಅವನಿಗೆ ನಿಜಕ್ಕೂ ಹಾಗೆಯೇ ಕಾಣುತ್ತಿರುತ್ತದೆ.

ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಬೇಸಿಗೆಯಲ್ಲಿ ಮೌಲ್ಯಮಾಪನ ಶಿಬಿರಕ್ಕೆ ಹೋಗುತ್ತಿದ್ದೆ. ಒಂದೇ ಪ್ರಬಂಧಕ್ಕೆ ಕಿಟಕಿ ಪಕ್ಕ ಕೂತವರು ನಾಲ್ಕು ಅಂಕ ಕೊಟ್ಟರೆ ಫ್ಯಾನಿನ ಕೆಳಗೆ ಕೂತವರು ಏಳು ಕೊಡುತ್ತಿದ್ದರು. ಊಟಕ್ಕೆ ಮುಂಚಿನ ಪತ್ರಿಕೆಗೂ ಊಟವಾದ ಮೇಲಿನ ಪತ್ರಿಕೆಗೂ ಅಂಕದಲ್ಲಿ ವ್ಯತ್ಯಾಸ ಇರುತ್ತಿತ್ತು. ಆದರೂ ಅಲ್ಲಿ ಒಂದು ಮಾದರಿ ಉತ್ತರವಿತ್ತು, ಮೇಲೊಬ್ಬ ಮುಖ್ಯ ಮೌಲ್ಯಮಾಪಕರಿದ್ದರು, ಎಲ್ಲಕ್ಕಿಂತ ಮುಖ್ಯವಾಗಿ ನಾವು ತಿದ್ದಿದ ಪತ್ರಿಕೆಯನ್ನು ನಾವೇ ಕೊಂಡು ಮನೆಗೆ ಒಯ್ಯುವಂತಿರಲಿಲ್ಲ. ನಾಣ್ಯದ ಮಾರುಕಟ್ಟೆಯಲ್ಲಿ ಬರೆದವನು, ತಿದ್ದುವವನು, ಕೊಳ್ಳುವವನು ಮೂವರೂ ಒಂದೇ ಮೇಜಿನ ಸುತ್ತ ಕೂತಿರುತ್ತಾರೆ.

ನಮ್ಮಲ್ಲಿ ದರ್ಜೆಯ ಹೆಸರುಗಳೆಲ್ಲ ಇಂಗ್ಲಿಷಿನಿಂದ ಬಂದವು. ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಎಲ್ಲದರ ಮೇಲೆ ಅನ್‌ಸರ್ಕ್ಯುಲೇಟೆಡ್. ಮಳಿಗೆಯವರ ಬಾಯಲ್ಲಿ ಅವು ವಿಎಫ್, ಎಕ್ಸ್‌ಎಫ್, ಯುಎನ್‌ಸಿ ಆಗಿವೆ. ಗುಡ್ ಎಂದು ಬರೆದಿರುವ ನಾಣ್ಯವನ್ನು ಪುಕ್ಕಟೆ ಕೊಟ್ಟರೂ ಅನುಭವಸ್ಥರು ಮೂಸುವುದಿಲ್ಲ. ಯುಎನ್‌ಸಿ ಎಂದರೆ ಚಲಾವಣೆಗೇ ಹೋಗದ, ಕೈಯಿಂದ ಕೈಗೆ ದಾಟದ ನಾಣ್ಯ. ಈ ಮೆಟ್ಟಿಲುಗಳಿಗೆಲ್ಲ ಅಂಕೆ ಹಚ್ಚಿದ್ದು ಅಮೆರಿಕದ ವಿಲಿಯಂ ಶೆಲ್ಡನ್ ಎಂಬಾತ. ಅಮೆರಿಕದ ಹಳೆಯ ತಾಮ್ರದ ದೊಡ್ಡ ಸೆಂಟುಗಳ ಮೇಲೆ 1949ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಒಂದರಿಂದ ಎಪ್ಪತ್ತರವರೆಗೆ ಅಂಕಗಳನ್ನಿಟ್ಟ. ಎಪ್ಪತ್ತೇ ಏಕೆ? ಗುರುತು ಹಿಡಿಯಲು ಮಾತ್ರ ಸಾಧ್ಯವಾಗುವಷ್ಟು ಸವೆದ ನಾಣ್ಯಕ್ಕೆ ಒಂದು ಡಾಲರ್ ಬೆಲೆಯಿದ್ದರೆ, ಅದೇ ಬಗೆಯ ಕುಂದಿಲ್ಲದ ನಾಣ್ಯಕ್ಕೆ ಎಪ್ಪತ್ತು ಡಾಲರ್ ಬೆಲೆ ಎಂಬುದು ಅವನ ಲೆಕ್ಕ. ಬೆಲೆಯ ಲೆಕ್ಕಾಚಾರ ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು, ಅಂಕ ಮಾತ್ರ ಉಳಿದುಕೊಂಡಿತು. ಇಂದು ಜಗತ್ತಿನ ಯಾವ ಮೂಲೆಯ ನಾಣ್ಯವನ್ನಾದರೂ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ ಮೇಲೆ ಅಂಕ ಬರೆಯುವಾಗ ಸಾಮಾನ್ಯವಾಗಿ ಬಳಸುವುದು ಅದೇ ಎಪ್ಪತ್ತರ ಅಳತೆಯನ್ನು. ಅರವತ್ತರಿಂದ ಮೇಲಿನ ಹನ್ನೊಂದು ಮೆಟ್ಟಿಲು ಚಲಾವಣೆಗೆ ಹೋಗದ ನಾಣ್ಯಗಳಿಗೇ ಮೀಸಲು.

ಶೆಲ್ಡನ್ನನ ಕಸುಬು ಮನಶ್ಶಾಸ್ತ್ರ. ಮನುಷ್ಯರ ಮೈಕಟ್ಟು ನೋಡಿ ಸ್ವಭಾವ ಹೇಳಬಹುದು ಎಂಬುದು ಅವನ ನಂಬಿಕೆ. ಗುಂಡಗಿರುವವರು, ಗಟ್ಟಿಮುಟ್ಟಾದವರು, ಸಣಕಲರು ಎಂದು ಮೂರು ಬಗೆ ಮಾಡಿ, ಪ್ರತಿಯೊಬ್ಬನಿಗೂ ಒಂದರಿಂದ ಏಳರವರೆಗೆ ಮೂರು ಅಂಕ ಕೊಡುತ್ತಿದ್ದ. ಇದಕ್ಕಾಗಿ ಹಾರ್ವರ್ಡ್, ಯೇಲ್‌ನಂಥ ದೊಡ್ಡ ವಿದ್ಯಾಲಯಗಳ ವಿದ್ಯಾರ್ಥಿಗಳ ಬೆತ್ತಲೆ ಫೋಟೊಗಳನ್ನು ಬಳಸಿಕೊಂಡದ್ದು ಆಮೇಲೆ ದೊಡ್ಡ ಗದ್ದಲವಾಯಿತು. ಮನುಷ್ಯರಿಗೆ ಅಂಕ ಕೊಡುವ ಅವನ ಶಾಸ್ತ್ರವನ್ನು ಈಗ ಯಾರೂ ನಂಬುವುದಿಲ್ಲ. ನಾಣ್ಯಕ್ಕೆ ಅಂಕ ಕೊಡುವ ಶಾಸ್ತ್ರ ಮಾತ್ರ ಕೋಟಿಗಟ್ಟಲೆ ವ್ಯವಹಾರ ನಡೆಸುತ್ತಿದೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಅವನು ಸತ್ತ ಮೇಲೆ ಬಯಲಾಯಿತು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೊಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಅವುಗಳ ಜಾಗದಲ್ಲಿ ತನ್ನ ಕಡಿಮೆ ದರ್ಜೆಯವನ್ನು ಇಟ್ಟು ಬಂದಿದ್ದ, ಅದೂ ನೂರಕ್ಕಿಂತ ಹೆಚ್ಚು ನಾಣ್ಯಗಳನ್ನು. ದರ್ಜೆಯ ವ್ಯತ್ಯಾಸ ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ನಮ್ಮೂರಿನ ರೂಪಾಯಿಗೆ ಬರೋಣ. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ನಾನು ತಪ್ಪದೆ ಹೋಗುತ್ತೇನೆ. ಮಳಿಗೆಗಳ ಸಾಲಿನಲ್ಲಿ ಅತಿ ಹೆಚ್ಚು ವಾಗ್ವಾದ ಹುಟ್ಟಿಸುವ ನಾಣ್ಯ ಏಳನೆಯ ಎಡ್ವರ್ಡನ ಬೆಳ್ಳಿ ರೂಪಾಯಿ. 1903ರಿಂದ 1910ರವರೆಗೆ ಹೊಡೆದದ್ದು. ಅವನ ಅಮ್ಮ ವಿಕ್ಟೋರಿಯಾ ರೂಪಾಯಿಯ ಮೇಲೆ ಕಿರೀಟ ತೊಟ್ಟು, ಜರಿಯ ಅಂಗಿ ತೊಟ್ಟು ಮೆರೆದಿದ್ದಳು. ಅವನ ಮಗ ಐದನೆಯ ಜಾರ್ಜನೂ ಕಿರೀಟ, ನಿಲುವಂಗಿ ಬಿಡಲಿಲ್ಲ. ನಡುವಿನ ಎಡ್ವರ್ಡ್ ಮಾತ್ರ ಬರಿದಲೆಯವನು. ನಮ್ಮಜ್ಜಿ ಅವನನ್ನು ಬೋಳುತಲೆ ರಾಯ ಎನ್ನುತ್ತಿದ್ದರು. ಕಿರೀಟವಿದ್ದರೆ ಸವೆತ ನೋಡಲು ಮುತ್ತು, ಶಿಲುಬೆ, ಕುಸುರಿ ಎಂದು ಹತ್ತು ಗುರುತು ಸಿಗುತ್ತವೆ. ಬೋಳುತಲೆಯ ಮೇಲೆ ಏನನ್ನು ಎಣಿಸುವುದು? ಉಳಿಯುವುದು ಕಿವಿ, ಕಿವಿಯ ಮೇಲಿನ ನಾಲ್ಕು ಕೂದಲು, ಹುಬ್ಬು, ಗಡ್ಡ. ಕಿವಿಯ ಅಂಚು ಎಲ್ಲಕ್ಕಿಂತ ಎತ್ತರದ ಜಾಗ, ಆದ್ದರಿಂದ ಮೊದಲು ಸವೆಯುವುದೂ ಅದೇ.

ಹೀಗೊಂದು ರೂಪಾಯಿಯನ್ನು ಮಳಿಗೆಯವನೊಬ್ಬ ನನ್ನ ಅಂಗೈ ಮೇಲಿಟ್ಟ. 1907ರದ್ದು. “ಯುಎನ್‌ಸಿ ಮಾಲು, ಮೇಷ್ಟ್ರೇ,” ಎಂದ.

“ಕಿವಿ ಎಲ್ಲಿ ಮಾರಾಯ?”

“ಕಿವಿ ಸವೆದದ್ದಲ್ಲ ಮೇಷ್ಟ್ರೇ, ಹುಟ್ಟಿದ್ದೇ ಹಾಗೆ. ಟಂಕಸಾಲೇಲಿ ಹೊಡೆತ ಸರಿಯಾಗಿ ಬಿದ್ದಿಲ್ಲ.”

ನಾಣ್ಯದ ದರ್ಜೆಯ ತಕರಾರೆಲ್ಲ ಈ ಒಂದು ಉತ್ತರದಲ್ಲಿದೆ. ಅವನು ಹೇಳಿದ್ದು ಸುಳ್ಳೇ ಆಗಿರಬೇಕೆಂದಿಲ್ಲ. ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದಾಗ ಲೋಹ ಅಚ್ಚಿನ ತಗ್ಗುಗಳೊಳಗೆ ಹರಿದು ತುಂಬಿಕೊಳ್ಳಬೇಕು. ಒತ್ತಡ ಕಡಿಮೆಯಾದರೆ, ಬಿಲ್ಲೆ ಒಂದಿಷ್ಟು ತೆಳ್ಳಗಿದ್ದರೆ, ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಆಳವಾದ ತಗ್ಗಿದ್ದರೆ, ಅಥವಾ ಅಚ್ಚೇ ಸವೆದು ಮುದಿಯಾಗಿದ್ದರೆ, ಆ ಕಿವಿ ಹುಟ್ಟುವಾಗಲೇ ಅರ್ಧ ಹುಟ್ಟುತ್ತದೆ. ಚೀಲದಿಂದ ಹೊರಬರುವ ಮೊದಲೇ ಅದು ಸವೆದಂತೆ ಕಾಣುತ್ತದೆ. ಇನ್ನೊಂದು ರೂಪಾಯಿ ಚೆನ್ನಾಗಿ ಹುಟ್ಟಿ, ಮೈಸೂರಿನ ಜವಳಿ ಅಂಗಡಿಯಿಂದ ಅರಸೀಕೆರೆಯ ಕೊಬ್ಬರಿ ಮಂಡಿಗೆ, ಅಲ್ಲಿಂದ ಯಾರದೋ ಸೊಂಟದ ಸಂಚಿಗೆ ತಿರುಗಿ ಅದೇ ಕಿವಿಯನ್ನು ಕಳೆದುಕೊಂಡಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ಒಂದೇ ಥರ ಕಾಣುತ್ತವೆ. ಒಂದರದು ಹುಟ್ಟಿನ ಕುಂದು, ಇನ್ನೊಂದರದು ಬದುಕಿನ ಸವೆತ. ದರ್ಜೆ ಎನ್ನುವ ಒಂದೇ ಅಂಕದಲ್ಲಿ ಈ ಎರಡು ಪ್ರಶ್ನೆಗಳನ್ನೂ ಸೇರಿಸಿ ಕಲಸಿಬಿಟ್ಟಿದ್ದೇವೆ, ಜಗಳವೆಲ್ಲ ಅಲ್ಲಿಂದಲೇ ಶುರು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇರ್ಪಡಿಸಲು ದಾರಿ ಇಲ್ಲವೇ ಅಂದರೆ ಇದೆ. ಅಚ್ಚಿನ ಹೊಡೆತ ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳನ್ನು ಬಿಡುತ್ತದೆ. ಒಂದೇ ದೀಪದ ಕೆಳಗೆ ನಾಣ್ಯದ ಅಂಚು ಹಿಡಿದು ಮೆಲ್ಲಗೆ ಓಲಾಡಿಸಿದರೆ ಬೆಳಕಿನ ಎರಡು ಪಟ್ಟಿಗಳು ಮೇಲ್ಮೈಯಲ್ಲಿ ಸುತ್ತು ಹಾಕುತ್ತವೆ. ಲಸ್ಟರ್ ಎಂದು ಸಂಗ್ರಾಹಕರು ಜಪಿಸುವುದು ಇದನ್ನೇ. ಕೈಯಲ್ಲಿ ಓಡಾಡಿದ ನಾಣ್ಯದಲ್ಲಿ ಎತ್ತರದ ಜಾಗಗಳ ಈ ಗೆರೆಗಳು ಮೊದಲು ಅಳಿಯುತ್ತವೆ. ಸುತ್ತುವ ಬೆಳಕು ಕಿವಿಯ ಹತ್ತಿರ ಬಂದು ಕತ್ತರಿಸಿದಂತೆ ನಿಂತರೆ ಅದು ಸವೆತ. ಚಪ್ಪಟೆ ಕಿವಿಯ ಮೇಲೂ ಬೆಳಕು ತಡೆಯಿಲ್ಲದೆ ದಾಟಿಹೋದರೆ ಮಳಿಗೆಯವನ ಮಾತು ನಿಜ, ಅದು ಹುಟ್ಟಿದ್ದೇ ಹಾಗೆ. ಜೊತೆಗೆ ನಾಣ್ಯ ತಿರುಗಿಸಿ, ಕಿವಿಯ ನೇರ ಬೆನ್ನಿಗೆ ಬರುವ ಅಕ್ಷರಗಳನ್ನೂ ನೋಡಬೇಕು. ಹೊಡೆತವೇ ಬಡವಾಗಿದ್ದರೆ ಹೆಚ್ಚಿನ ಸಲ ಎರಡೂ ಬದಿ ಬಡವಾಗಿರುತ್ತದೆ.

ನನ್ನ ಅಂಗೈ ಮೇಲಿನ 1907ರ ರೂಪಾಯಿಯನ್ನು ಹೀಗೆಲ್ಲ ಪರೀಕ್ಷಿಸಲು ಹೋದರೆ ಸಭಾಂಗಣದ ಮೇಲ್ಛಾವಣಿ ತುಂಬ ಟ್ಯೂಬ್‌ಲೈಟು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಸತ್ತ ನಾಣ್ಯ, ಬದುಕಿದ ನಾಣ್ಯ ಎರಡೂ ಒಂದೇ. ಮಳಿಗೆಯ ಗಾಜಿನ ಪೆಟ್ಟಿಗೆಯೊಳಗೆ ಇನ್ನೊಂದು ಬಗೆಯ ದೀಪ: ಪ್ರಖರವಾದ ಪುಟ್ಟ ಬಲ್ಬು, ಅದರ ಕೆಳಗೆ ತಗಡಿನ ಚೂರೂ ಹೊಳೆಯುತ್ತದೆ. ವಾಟ್ಸಾಪ್ ಗುಂಪುಗಳ ಹರಾಜಿನಲ್ಲಂತೂ ಫೋಟೊ ನೋಡಿಯೇ ಬೆಲೆ ಕೂಗಬೇಕು. ನಾಣ್ಯವನ್ನು ಓಲಾಡಿಸದೆ ಕಾಣದ ಗುಣವನ್ನು ಅಲುಗಾಡದ ಚಿತ್ರದಲ್ಲಿ ಹುಡುಕುವ ಕೆಲಸ ಅದು. ಅಲ್ಲಿ ಯುಎನ್‌ಸಿ ಎಂದು ಬರೆದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ಎರಡು ಮೆಟ್ಟಿಲು ಕೆಳಗಿಳಿಸಿ ಓದುತ್ತೇನೆ. ಸಾಮಾನ್ಯವಾಗಿ ಲೆಕ್ಕ ಸರಿಹೋಗುತ್ತದೆ.

ಸರ್ಕಾರಕ್ಕೆ ಈ ತಲೆನೋವು ಇರಲಿಲ್ಲ. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲದ ತೂಕ, ನಮ್ಮ ಲೆಕ್ಕದಲ್ಲಿ 11.66 ಗ್ರಾಂ. 1906ರ ನಾಣ್ಯ ಕಾಯ್ದೆಯ ಪ್ರಕಾರ ತೂಕ ಶೇಕಡ ಎರಡಕ್ಕಿಂತ ಹೆಚ್ಚು ಕಳೆದುಕೊಂಡ ರೂಪಾಯಿ ಕಾನೂನುಬದ್ಧ ಹಣವಲ್ಲ. ತಕ್ಕಡಿಯಲ್ಲಿ ಹಾಕಿದರಾಯಿತು, ಪಾಸು ಅಥವಾ ನಪಾಸು. ಕಿವಿ, ಹುಬ್ಬು, ಬೆಳಕು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೂ ಹಿಂದೆ ನಮ್ಮ ಪೇಟೆಗಳ ಚಿನಿವಾರರು ಇನ್ನೂ ನೇರವಾಗಿ ವರ್ತಿಸುತ್ತಿದ್ದರು. ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳುವುದು, ಅನುಮಾನವಿದ್ದರೆ ಉಳಿಯಿಂದ ಒಂದು ಗಾಯ ಮಾಡಿ ಒಳಗೂ ಬೆಳ್ಳಿಯೇ ಇದೆಯೇ ಎಂದು ನೋಡುವುದು. ಮೊಘಲರ ಕಾಲದ ರೂಪಾಯಿಗಳ ಮೇಲೆ ಇಂಥ ಗುರುತುಗಳು ಎಷ್ಟೋ ಕಾಣಸಿಗುತ್ತವೆ. ಆ ಗಾಯವೇ ಅಂದು ನಾಣ್ಯದ ಯೋಗ್ಯತಾಪತ್ರ. ಇಂದು ದರ್ಜೆ ಹಾಕುವವರು ಅದನ್ನು ಹಾನಿ ಎಂದು ಬರೆದು ಅಂಕ ಕಡಿತ ಮಾಡುತ್ತಾರೆ. ಮುನ್ನೂರು ವರ್ಷದ ಹಿಂದೆ ಪಾಸಾದದ್ದಕ್ಕೆ ಶಿಕ್ಷೆ!

ಅಚ್ಚುಯಂತ್ರದ ರೂಪಾಯಿಯ ಗತಿಯೇ ಹೀಗಾದರೆ ಕೈಯಿಂದ ಹೊಡೆದ ನಾಣ್ಯಗಳ ಪಾಡೇನು? ಟಿಪ್ಪುವಿನ ಕಾಲದ ಆನೆಯ ಪೈಸೆ ನಮ್ಮ ಭಾಗದ ಸಂಗ್ರಾಹಕರ ಮೊದಲ ಪ್ರೀತಿ. ತಾಮ್ರದ್ದು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಟಿಪ್ಪುವಿಗೆ ಹೆಸರಿಡುವ ಹುಚ್ಚು. ಪೈಸೆಗೆ ಜೊಹ್ರಾ, ಅರ್ಧ ಪೈಸೆಗೆ ಬಹ್ರಾಮ್, ಕಾಲು ಪೈಸೆಗೆ ಅಖ್ತರ್ ಎಂದು ಆಕಾಶದಿಂದ ಹೆಸರು ಇಳಿಸಿದ. ಊರುಗಳನ್ನೂ ಬಿಡಲಿಲ್ಲ: ಚಿತ್ರದುರ್ಗ ಅವನ ನಾಣ್ಯದ ಮೇಲೆ ಫರುಖ್ಯಾಬ್ ಹಿಸಾರ್, ಧಾರವಾಡ ಖುರ್ಷಿದ್ ಸವಾದ್, ಮೈಸೂರು ನಜರ್‌ಬಾರ್. ಇಷ್ಟು ಮುತುವರ್ಜಿಯಿಂದ ಹೆಸರಿಟ್ಟು ಅದನ್ನು ಕೆತ್ತಿದ ಅಚ್ಚು ಮಾತ್ರ ತಾಮ್ರದ ಬಿಲ್ಲೆಗಿಂತ ದೊಡ್ಡದು. ಕಮ್ಮಟದ ಕೆಲಸಗಾರ ಬಿಲ್ಲೆ ಇಟ್ಟು, ಮೇಲೆ ಅಚ್ಚು ಹಿಡಿದು, ಸುತ್ತಿಗೆಯಿಂದ ಹೊಡೆದರೆ ಅಚ್ಚಿನ ಎಷ್ಟು ಭಾಗ ಬಿಲ್ಲೆಯ ಮೇಲೆ ಬೀಳುತ್ತದೋ ಅಷ್ಟೇ ಆ ನಾಣ್ಯದ ಭಾಗ್ಯ. ಒಂದರಲ್ಲಿ ಆನೆಯ ಸೊಂಡಿಲು ಹೊರಗೆ ಉಳಿದಿರುತ್ತದೆ. ಇನ್ನೊಂದರಲ್ಲಿ ಆನೆ ಪೂರ್ತಿ ಇದ್ದು ಇಸವಿ ಹೊರಗೆ ಹೋಗಿರುತ್ತದೆ. ಮತ್ತೊಂದರಲ್ಲಿ ಊರಿನ ಹೆಸರಿನ ಬಾಲ ಮಾತ್ರ ಉಳಿದು, ತಲೆ ಯಾವುದೆಂದು ಗೋಳಾಡಬೇಕಾಗುತ್ತದೆ.

ನನ್ನ ಬಳಿ ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯ ಒಂದು ಪೈಸೆ ಇದೆ. ಆನೆಯ ಬೆನ್ನು, ನಾಲ್ಕು ಕಾಲು, ಬಾಲದ ತುದಿಯ ಕುಚ್ಚು ಎಲ್ಲ ಉಗುರಿಗೆ ತಾಗುವಷ್ಟು ಉಬ್ಬಾಗಿವೆ. ಆದರೆ ಹಣೆಯಿಂದ ಮುಂದಕ್ಕೆ ಆನೆಯೇ ಇಲ್ಲ, ಬಿಲ್ಲೆ ಮುಗಿದುಹೋಗಿದೆ. ಅದರ ಪಕ್ಕದಲ್ಲಿಟ್ಟಿರುವ ಇನ್ನೊಂದರಲ್ಲಿ ಸೊಂಡಿಲಿನಿಂದ ಬಾಲದವರೆಗೆ ಆನೆ ಪೂರ್ತಿಯಾಗಿದೆ, ಆದರೆ ಸವೆದು ಸವೆದು ನೆರಳಿನಷ್ಟೇ ಉಳಿದಿದೆ. ಎರಡರಲ್ಲಿ ಯಾವುದು ಮೇಲು? ಎಪ್ಪತ್ತರ ಅಳತೆಗೋಲು ಹಿಡಿದವರು ಮೊದಲನೆಯದು ಎನ್ನುತ್ತಾರೆ, ಸವೆತವಿಲ್ಲ ನೋಡಿ. ಮನೆಗೆ ಬಂದ ನೆಂಟರ ಮಕ್ಕಳಿಗೆ ತೋರಿಸಿದರೆ ಎಲ್ಲರೂ ಎರಡನೆಯದನ್ನೇ ಎತ್ತಿಕೊಳ್ಳುತ್ತಾರೆ. ನನ್ನ ಮತ ಮಕ್ಕಳ ಪರ. ಇನ್ನು ಅಪರೂಪದ ಟಂಕಸಾಲೆಯ ಹೆಸರು ಸ್ಪಷ್ಟವಾಗಿ ಓದಿಸಿಕೊಂಡರೆ ಆನೆಗೆ ಕಾಲೇ ಇಲ್ಲದಿದ್ದರೂ ಬೆಲೆ ಏರುತ್ತದೆ. ಅಲ್ಲಿ ದರ್ಜೆಯ ಮಾತೇ ಬರುವುದಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸುಗಳದೂ ಇದೇ ಕಥೆ. ಅವುಗಳ ಮೇಲೆ ರೋಮನ್ ಅಂಕಿಯಲ್ಲಿ ಇಪ್ಪತ್ತು, ಇಂಗ್ಲಿಷಿನಲ್ಲಿ ಕ್ಯಾಶ್, ಕನ್ನಡದಲ್ಲಿ ಮಯಿಲಿ ಕಾಸು ಎಂದು ಕೆತ್ತಿದ್ದಾರೆ. ಇಷ್ಟನ್ನೆಲ್ಲ ಹಿಡಿಸಲು ತಾಮ್ರದ ಬಿಲ್ಲೆಗೆ ಜಾಗ ಸಾಲದೆ ಏನಾದರೊಂದು ಅಂಚಿನಾಚೆ ಬೀಳುತ್ತದೆ. ಕಂಠೀರವ ನರಸರಾಜ ಒಡೆಯರ ಚಿನ್ನದ ಕಂಠೀರಾಯಿ ಹಣವಂತೂ ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಅದರ ಮೇಲಿನ ನರಸಿಂಹನನ್ನು ಭೂತಗನ್ನಡಿಯಲ್ಲಿ ಹುಡುಕಿ ತೆಗೆಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಅದಕ್ಕೆ ಎಪ್ಪತ್ತರಲ್ಲಿ ಅಂಕ ಕೇಳುವವರಿಗೆ ಕೈ ಮುಗಿಯಬೇಕು.

ಈ ವಿಷಯದಲ್ಲಿ ಅಮೆರಿಕದವರೇ ಒಂದು ಬುದ್ಧಿವಂತಿಕೆ ಮಾಡಿದ್ದಾರೆ. ಅಲ್ಲಿ ದರ್ಜೆ ಹಾಕಿ ಡಬ್ಬಿಗೆ ತುಂಬುವ ದೊಡ್ಡ ಸಂಸ್ಥೆಗಳು ಎರಡು. ಪಿಸಿಜಿಎಸ್ 1985ರಲ್ಲಿ ಹುಟ್ಟಿತು, ಎನ್‌ಜಿಸಿ 1987ರಲ್ಲಿ. ಎನ್‌ಜಿಸಿಯವರು ಪ್ರಾಚೀನ ಗ್ರೀಕ್, ರೋಮನ್ ನಾಣ್ಯಗಳಿಗೆ ಎಪ್ಪತ್ತರ ಅಂಕ ಹಾಕುವುದೇ ಇಲ್ಲ. ದರ್ಜೆಯ ಹೆಸರಿನ ಜೊತೆಗೆ ಹೊಡೆತಕ್ಕೊಂದು, ಮೇಲ್ಮೈಗೊಂದು ಎಂದು ಐದೈದರಲ್ಲಿ ಎರಡು ಅಂಕ ಬೇರೆಬೇರೆಯಾಗಿ ಕೊಡುತ್ತಾರೆ. ಹುಟ್ಟು ಬೇರೆ, ಬದುಕು ಬೇರೆ ಎಂದು ಒಪ್ಪಿಕೊಂಡಂತೆ. ನಮ್ಮ ವಿಜಯನಗರದ ವರಾಹ, ಟಿಪ್ಪುವಿನ ಪೈಸೆ, ಮೈಸೂರಿನ ಕಾಸು ಇವೆಲ್ಲಕ್ಕೂ ತಕ್ಕ ಅಳತೆ ಇದೇ. ನಮ್ಮ ಹರಾಜು ಪಟ್ಟಿಗಳವರು ಇದನ್ನು ನಾಳೆಯಿಂದಲೇ ಮಾಡಬಹುದು, ಖರ್ಚು ಏನೂ ಇಲ್ಲ, ಒಂದು ಸಾಲು ಹೆಚ್ಚು ಅಚ್ಚು ಮಾಡಿಸಿದರೆ ಸಾಕು.

ಡಬ್ಬಿ ಬಂದ ಮೇಲೆ ಜಗಳ ತೀರಿತೇ ಎಂದರೆ ಅದೂ ಇಲ್ಲ. ಸಾಮಾನ್ಯ ನಾಣ್ಯವೊಂದಕ್ಕೆ ಅಲ್ಲಿನ ಪರಿಣತರು ಕೊಡುವುದು ಕೆಲವೇ ಸೆಕೆಂಡು. ಒಬ್ಬರಿಗಿಂತ ಹೆಚ್ಚು ಮಂದಿ ನೋಡುತ್ತಾರೆ ನಿಜ. ಆದರೂ ಅದೇ ನಾಣ್ಯವನ್ನು ಡಬ್ಬಿ ಒಡೆದು ಮತ್ತೆ ಕಳಿಸಿದರೆ 63 ಇದ್ದದ್ದು 64 ಆಗಿ ಬರುವುದುಂಟು, 62 ಆಗಿ ಬಂದು ಹೊಟ್ಟೆ ಉರಿಸುವುದೂ ಉಂಟು. ಅಂಕ ಏರುವವರೆಗೆ ಒಡೆಯುತ್ತ ಕಳಿಸುತ್ತ ಇರುವುದೇ ಅಲ್ಲಿ ಕೆಲವರ ಕಸುಬು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ನಮ್ಮ ಪೋಷಕರಿಗೆ ಇದನ್ನು ಹೇಳಿಕೊಡಬಾರದು. ಅರವತ್ತರ ಮೇಲಿನ ಅಂಕಗಳಲ್ಲಿ ಸವೆತದ ಪ್ರಶ್ನೆಯೇ ಇಲ್ಲ. ಟಂಕಸಾಲೆಯ ಚೀಲದಲ್ಲಿ ನಾಣ್ಯ ನಾಣ್ಯಕ್ಕೆ ತಾಗಿ ಆದ ಗೀರುಗಳು ಎಷ್ಟು, ಎಲ್ಲಿವೆ ಎನ್ನುವುದೇ ಲೆಕ್ಕ. ರಾಜನ ಗಡ್ಡದೊಳಗೆ ಗೀರಿದ್ದರೆ ಕ್ಷಮೆ, ಕೆನ್ನೆಯ ಮೇಲಿದ್ದರೆ ಅಂಕ ಹೋಯಿತು. ಹೀಗಾಗಿ ಮೈತುಂಬ ಗೀರುಬಿದ್ದ 60ರ ನಾಣ್ಯಕ್ಕಿಂತ ನಾಲ್ಕು ದಿನ ಮಾತ್ರ ಕೈಯಲ್ಲಿ ತಿರುಗಿದ 58ರ ನಾಣ್ಯ ನೋಡಲು ಚಂದ. ನನ್ನ ದುಡ್ಡು ಯಾವಾಗಲೂ 58ಕ್ಕೆ.

ನಮಗೆ ಇನ್ನೊಂದು ತೊಡಕಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ದೇಶದ ಹೊರಗೆ ಒಯ್ಯಲು ನಮಗೆ ನಿಮಗೆ ಅಧಿಕಾರವಿಲ್ಲ. ಬೋಳುತಲೆ ರಾಯನನ್ನು ಅಂಕಕ್ಕಾಗಿ ಅಮೆರಿಕಕ್ಕೆ ಕಳಿಸುವಂತಿಲ್ಲ. 1911ರ ಪ್ರಸಿದ್ಧ ಹಂದಿ ರೂಪಾಯಿಯೂ ಅಷ್ಟೇ. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಾಣುತ್ತದೆಂದು ಗುಲ್ಲೆದ್ದು ಸರ್ಕಾರ ಅದನ್ನು ಹಿಂತೆಗೆದುಕೊಂಡು, ಮರುವರ್ಷ ಆನೆಯನ್ನು ತಿದ್ದಿತು. ಆ ಆನೆ ಇರುವುದು ಎದೆಯ ಉಬ್ಬಿನ ಮೇಲೆ, ಬೇಗ ಸವೆಯುವ ಜಾಗದಲ್ಲಿ. ಸವೆದ ಹಂದಿಗೂ ಸವೆದ ಆನೆಗೂ ಭೇದ ಹೇಳುವುದು ಕಷ್ಟ. ಇಸವಿ ನೋಡಿಯೇ ಗುರುತು ಹಿಡಿಯಬೇಕು. ಇಸವಿಯನ್ನು ನಂಬಬಹುದೇ ಎಂದರೆ ಅದಕ್ಕೂ ಒಂದು ತಕರಾರು. ನಮ್ಮ ಟಂಕಸಾಲೆಗಳು ಸಂಗ್ರಾಹಕರಿಗಾಗಿ ಹಳೆಯ ಇಸವಿಯ ಅಚ್ಚುಗಳಿಂದ ಹೊಸದಾಗಿ ನಾಣ್ಯ ಹೊಡೆದುಕೊಟ್ಟದ್ದುಂಟು. ಅವುಗಳಿಗೆ ಸವೆತ ಎಂಬುದೇ ಗೊತ್ತಿಲ್ಲ, ಕನ್ನಡಿಯಂತೆ ಹೊಳೆಯುತ್ತವೆ. ಮೇಲಿರುವ ಇಸವಿ ಅಜ್ಜನದು, ಹುಟ್ಟಿದ್ದು ಮೊಮ್ಮಗನ ಕಾಲದಲ್ಲಿ.

ಇಷ್ಟೆಲ್ಲ ಸೂಕ್ಷ್ಮವನ್ನು ಒಂದು ಬೆಳಗಿನಲ್ಲಿ ತೊಡೆದುಹಾಕುವ ಶಕ್ತಿ ನಮ್ಮ ಮನೆಗಳಿಗೆ ಇದೆ. ದೀಪಾವಳಿ, ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ದೇವರ ಗೂಡಿನ ಡಬ್ಬಿಯಿಂದ ಬೆಳ್ಳಿ ರೂಪಾಯಿಗಳು ಹೊರಬರುತ್ತವೆ. ಕಳೆದ ವರ್ಷದ ಅರಿಶಿನ ಕುಂಕುಮ ಅಕ್ಷರಗಳ ಸಂದಿನಲ್ಲಿ ಗಟ್ಟಿಯಾಗಿರುತ್ತದೆ. ಬೆಳ್ಳಿಗೆ ವಿಭೂತಿ ಅಥವಾ ಹಲ್ಲುಪುಡಿ, ತಾಮ್ರಕ್ಕೆ ಹುಣಸೆಹಣ್ಣು, ಮೇಲೆ ತೆಂಗಿನ ನಾರು. ನಮ್ಮಜ್ಜಿ ಹಿತ್ತಿಲ ಕಲ್ಲಿನ ಮೇಲೆ ಕೂತು ರೂಪಾಯಿಯನ್ನು ಹೆಬ್ಬೆರಳಿನಿಂದ ಗುಂಡಗೆ ಉಜ್ಜುತ್ತಿದ್ದರು. ಪ್ರತಿ ರೂಪಾಯಿಗೂ ಸಮಾನ ಉಪಚಾರ. ತೊಳೆದ ಮೇಲೆ ಅವು ಬೆಳ್ಳಗೆ, ಕಣ್ಣು ಕುಕ್ಕುವಂತೆ ಕಾಣುತ್ತಿದ್ದವು. ಇಂಥ ರೂಪಾಯಿಯನ್ನು ದೀಪದ ಕೆಳಗೆ ಓಲಾಡಿಸಿದರೆ ಬೆಳಕು ಸುತ್ತು ಹಾಕುವುದಿಲ್ಲ, ಒಂದೇ ಕಡೆ ಸಪ್ಪೆಯಾಗಿ ನಿಲ್ಲುತ್ತದೆ. ಭೂತಗನ್ನಡಿ ಹಿಡಿದರೆ ಹೆಬ್ಬೆರಳು ತಿರುಗಿದ ದಿಕ್ಕಿನಲ್ಲೇ ಕೂದಲೆಳೆಯಂಥ ಗೀರುಗಳು. ನೂರು ವರ್ಷ ಗಾಳಿಗೆ ಕೂತು ತಾನಾಗಿ ಕಟ್ಟಿಕೊಂಡ ಬೂದು, ನೀಲಿ, ಜೇನು ಬಣ್ಣದ ಪೊರೆ ಎಲ್ಲ ಚರಂಡಿಗೆ. ಆ ಪೊರೆಯನ್ನು ಮತ್ತೆ ಬರಿಸಲು ಗಂಧಕದ ಹೊಗೆ ಹಾಕಿ ಕೃತಕ ಬಣ್ಣ ಕಟ್ಟುವ ಪ್ರವೀಣರೂ ಹುಟ್ಟಿಕೊಂಡಿದ್ದಾರೆ. ಆ ಬಣ್ಣ ಅಸಲಿಯೋ ನಕಲಿಯೋ ಎಂದು ಹೇಳಲು ಇನ್ನೊಬ್ಬ ಪರಿಣತ ಬೇಕು.

ಅಜ್ಜಿಯನ್ನು ದೂರುವ ಅಧಿಕಾರ ನನಗಿಲ್ಲ. ಅವರ ಪಾಲಿಗೆ ಅದು ಲಕ್ಷ್ಮಿ, ಕೊಳೆಯಾದ ಲಕ್ಷ್ಮಿಯನ್ನು ಯಾರು ಪೂಜಿಸುತ್ತಾರೆ? ಕಾಸಿನ ಸರಕ್ಕೆಂದು ಅಕ್ಕಸಾಲಿಯ ಕೈಯಲ್ಲಿ ಕೊಂಡಿ ಬೆಸೆಸಿದವರೂ, ಮಗುವಿನ ಉಡಿದಾರಕ್ಕೆಂದು ತೂತು ಹೊಡೆಸಿದವರೂ ನಾಣ್ಯವನ್ನು ಪ್ರೀತಿಯಿಂದಲೇ ನೋಡಿಕೊಂಡವರು. ಬೆಸುಗೆ ಕಿತ್ತು ಅಂಚು ತೀಡಿ “ಸ್ವಲ್ಪ ಕೈ ಆಡಿಸಿದ್ದಾರೆ ಅಷ್ಟೇ” ಎಂದು ಮಾರಲು ಬರುವವರ ಬಗ್ಗೆ ಮಾತ್ರ ನನಗೆ ಕರುಣೆ ಇಲ್ಲ. ಅಂಚಿನ ಗೆರೆಗಳನ್ನು ಉಗುರಿನಿಂದ ಸುತ್ತ ಸವರಿಕೊಂಡು ಬಂದರೆ ಬೆಸುಗೆಯ ಜಾಗದಲ್ಲಿ ಉಗುರು ಜಾರುತ್ತದೆ. ಕಣ್ಣಿಗಿಂತ ಉಗುರು ಪ್ರಾಮಾಣಿಕ.

ದರ್ಜೆಯ ಮಾತು ಇನ್ನೂ ಕಿವಿಗೆ ಬೀಳದವರ ಪಾಡು ಬೇರೆ. ನನಗೆ ನಾಣ್ಯದ ಹುಚ್ಚಿದೆ ಎಂದು ತಿಳಿದ ಬಂಧುಗಳು ಫೋನು ಮಾಡಿ, “ಮಾವ, ನಮ್ಮಲ್ಲಿ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದೆ, ಲಕ್ಷಗಟ್ಟಲೆ ಬರುತ್ತಂತೆ, ಹೌದಾ?” ಎನ್ನುತ್ತಾರೆ. ಇಲ್ಲವಮ್ಮ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ ಕೊಳ್ಳುವುದಾಗಿ ಕಮಿಷನ್ ಕೀಳುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ, ಒಂದು ಬದಿಗೆ ರಾಮದೇವರ ಪರಿವಾರ ಅಥವಾ ಹನುಮಂತ ಇರುವ ತಾಮ್ರದ ಬಿಲ್ಲೆ ಸಿಕ್ಕರೆ ಅದನ್ನು ದೇವರ ಮನೆಯಲ್ಲೇ ಇಟ್ಟುಕೊಳ್ಳಿ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಅಕ್ಕಿಯನ್ನು ಸೆಳೆಯುತ್ತದೆ ಎಂದು ಅದನ್ನು ತೋರಿಸಿ ಕೋಟಿಯ ಮಾತಾಡುವವರು ಬಂದರೆ ಪೊಲೀಸರಿಗೆ ತಿಳಿಸಿ.

ಆ 1907ರ ರೂಪಾಯಿ ಏನಾಯಿತೆಂದು ಕೇಳುವಿರೇನೋ. ಅದನ್ನು ಕಿಟಕಿಯ ಹತ್ತಿರ ಒಯ್ದು ಹಗಲಿನ ಬೆಳಕಿಗೆ ಓಲಾಡಿಸಿದೆ. ಬೆಳಕು ಕೆನ್ನೆಯವರೆಗೆ ಚೆನ್ನಾಗಿ ಸುತ್ತಿ ಬಂತು, ಕಿವಿಯ ಮೇಲೆ ಮಂಕಾಯಿತು. ಹಿಂಬದಿಯ ಅಕ್ಷರಗಳೂ ನಡುವಿನಲ್ಲಿ ತುಸು ಬಡವಾಗಿದ್ದವು. ಅಂದರೆ ಅದು ಅರೆಬರೆ ಹುಟ್ಟಿ, ಆಮೇಲೆ ಸ್ವಲ್ಪ ತಿರುಗಾಡಿಯೂ ಬಂದಿತ್ತು. ಮಳಿಗೆಯವನು ಹೇಳಿದ್ದು ಅರ್ಧ ಸತ್ಯ, ನನ್ನ ಗುಮಾನಿ ಇನ್ನರ್ಧ. ಎಕ್ಸ್‌ಎಫ್ ಬೆಲೆಗೆ ಕೇಳಿದೆ. “ಮೇಷ್ಟ್ರೇ, ನೀವು ಪಾಠ ಮಾಡಿದ ಮಕ್ಕಳು ಹೇಗೆ ಪಾಸಾದರೋ!” ಎಂದು ನಕ್ಕು ಕೊಟ್ಟ.

ಓದುಗರಲ್ಲಿ ನನ್ನದೊಂದೇ ಬೇಡಿಕೆ. ನಿಮ್ಮ ಮನೆಯ ಡಬ್ಬಿಯಲ್ಲೂ ನಾಲ್ಕು ಹಳೆಯ ರೂಪಾಯಿ, ಹತ್ತಾರು ಕಾಸು ಇದ್ದೇ ಇರುತ್ತವೆ. ಅವುಗಳಲ್ಲಿ ಇನ್ನೂ ತೊಳೆಯದೆ ಉಳಿದದ್ದು ಇದ್ದರೆ ದಯವಿಟ್ಟು ತೊಳೆಯಬೇಡಿ. ಮುಟ್ಟುವಾಗ ಅಂಚು ಹಿಡಿಯಿರಿ, ಮುಖದ ಮೇಲೆ ಬೆರಳು ಊರಬೇಡಿ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರಿನಲ್ಲಿ ಇಟ್ಟರೆ ಕೆಲವು ವರ್ಷಗಳಲ್ಲಿ ಹಸಿರು ಅಂಟು ಕಟ್ಟುತ್ತದೆ, ಒಣಗಿದ ಕಾಗದದ ಲಕೋಟೆ ಅದಕ್ಕಿಂತ ವಾಸಿ. ಹಬ್ಬದ ಪೂಜೆಗೆ ಆಗಲೇ ತೊಳೆದು ತೊಳೆದು ಬೆಳ್ಳಗಾದ ರೂಪಾಯಿಗಳು ಇದ್ದೇ ಇವೆಯಲ್ಲ, ಅವನ್ನೇ ಇಡಿ.